ಒಂಟಿ ಶೀನು

ಆ ಮನ್ಯಾಗ ನಾಯಿಗೆ ‘ರೀ’ ಹಚ್ಚಿ ಮಾತಾಡ್ತಿದ್ರು, ಸೊಸಿಗೆ ‘ಏ’ ಅಂತಿದ್ರು. ಸುಳ್ಳು ಹೇಳಿ ನನಗೇನು ಬರೂದದ? “ಏ ಅಂಬಾ, ಅವಧೂತರು ಮಲಗ್ಯಾರ, ಭಾಂಡಿ ಸಪ್ಪಳ ಮಾಡಬ್ಯಾಡ” ಅಂತ ಅತ್ತಿ ಕೃಷ್ಣಾಬಾಯಿ ಗದರಸೂದನ್ನ ಪುಣೆಯ ಕಸಬಾ ಪೇಠೆಯ ಹತ್ತಾರು ಬಿಡಾರದ ಆ ವಾಡೇದಾಗ ಇದ್ದವರೆಲ್ಲಾ ಕೇಳ್ಯಾರ. ಅವಧೂತರು ಅಂದ್ರ ಯಾರೋ ಸ್ವಾಮಿಗಳು ಬಂದು ಇಳಕೊಂಡಾರ ಅಂತ ತಿಳಕೋಬ್ಯಾಡ್ರಿ. ನಾಯಿ. ಕರೀ ನಾಯಿ, ಒಂದು ಕಿವಿ ನೆಟ್ಟಗ, ಇನ್ನೊಂದು ಜೋತುಬಿದ್ದದ್ದು.

ಅದು ಬಂದ ಕತಿ ಹಿಂಗ. ಮಾವ ಮಾರ್ತಾಂಡರಾಯರು ಧಾರವಾಡದ ಕಡೆಯವರು, ಹೊಟ್ಟಿಪಾಡಿಗೆ ಪುಣೆಗೆ ಬಂದು ಖಡಕಿಯ ಮದ್ದುಗುಂಡಿನ ಕಾರಖಾನಿ ಕಚೇರ್ಯಾಗ ಕಾರಕೂನಕಿ ಮಾಡ್ತಿದ್ರು. ಹಗಲೆಲ್ಲಾ ಇಂಗ್ರೇಜ ಸಾಹೇಬರ ಚಾಕರಿ, ಮನಿಗೆ ಬಂದ ಮ್ಯಾಲೆ ದತ್ತ ಮಹಾರಾಜರ ಚಾಕರಿ. ವರ್ಷಕ್ಕೊಮ್ಮೆ ಗಾಣಗಾಪುರಕ್ಕ ಹೋಗಿ ಬರವರು. ಒಂದ್ಸಲ ಹೊಳ್ಳಿ ಬರುವಾಗ ದೌಂಡ ಸ್ಟೇಶನ್ನಿನ್ಯಾಗ ಗಾಡಿ ಭಾಳ ಹೊತ್ತು ನಿಂತಿತು. ರಾಯರು ಕೆಳಗಿಳದು ಪ್ರಸಾದದ ಗಂಟು ಬಿಚ್ಚಿದ್ರು. ಈ ನಾಯಿ ಎಲ್ಲಿತ್ತೋ ಏನೋ, ಬಂದು ಪಾದಕ್ಕ ಮೂಗು ಹಚ್ಚಿತು. ಹಸಿದ ನಾಯಿ ಉಣ್ಣೋ ಗಂಟು ಹಿಡಕೊಂಡವನ ಪಾದಕ್ಕಲ್ಲದ ಮತ್ತೆಲ್ಲಿ ಮೂಗು ಹಚ್ಚಬೇಕು? ಆದ್ರ ರಾಯರ ಕಣ್ಣಾಗ ನೀರು ಬಂತು. ದತ್ತನ ಪಟದಾಗ ಪಾದದ ಹತ್ರ ನಾಕು ನಾಯಿ ಇರತಾವ ನೋಡ್ರಿ, ಅದರಾಗಿಂದೊಂದನ್ನ ಗುರುಗಳು ತಮ್ಮ ಬೆನ್ನಿಗೆ ಕಳಿಸ್ಯಾರ ಅಂತ ಅವರ ಮನಸ್ಸಿನ್ಯಾಗ ಗಟ್ಟಿಯಾಗಿ ಕೂತುಬಿಟ್ಟಿತು. ಅವತ್ತಿನಿಂದ ಗುರುವಾರ ದಿವಸ ಮೊದಲ ನೈವೇದ್ಯ ದೇವರಿಗೆ, ಎರಡನೇದ್ದು ಅವಧೂತರಿಗೆ, ಆಮ್ಯಾಲೆ ಗಂಡಸರಿಗೆ, ಕೊನೀಕ ಏನರ ಉಳದ್ರ ಸೊಸಿಗೆ.

ಸೊಸಿ ಅಂಬಾ ಬೆಳಗಾಂವಿ ಹುಡುಗಿ. ತಾಯಿ-ತಂದಿ ತೀರಿಕೊಂಡಿದ್ರು, ಅಣ್ಣ ಒಬ್ಬಾಂವ ಧಾರಿ ಎರದು ಕೊಟ್ಟಿದ್ದ. ತವರಿನ್ಯಾಗ ಅಕಿಗೆ ಒಂದು ಕೆಮ್ಮು ಗೊತ್ತಿಲ್ಲ, ನೆಗಡಿ ಗೊತ್ತಿಲ್ಲ. ಈ ಮನಿ ಹೊಸ್ತಿಲಾ ದಾಟಿ ಒಳಗ ಬಂದದ್ದೇ ತಡ, ಶೀನು ಸುರು ಆತು. ದೊಡ್ಡ ರೋಗ ಏನಲ್ಲ ಬಿಡ್ರಿ. ಮೂಗು ತುರಸೂದು, ಕಣ್ಣಾಗ ನೀರಾಡೂದು, ಒಂದು ಶೀನು, ಮುಗೀತು. ಬ್ಯಾರೆ ಮನ್ಯಾಗ ಆಗಿದ್ರ ‘ಶತಾಯುಷಿ ಆಗವಾ’ ಅಂದು ಬಿಡ್ತಿದ್ರು.

ಆದ್ರ ಆ ಶೀನು ಬರ್ತಿದ್ದ ಹೊತ್ತು ಕೆಟ್ಟದ್ದು. ನಾಯಿ ಮಲಗೂ ಜಾಗಾ ಅಂದ್ರ ಬಾಗಲಾಗಿನ ಹೊಸ್ತಿಲಾ. ಯಾರರ ಹೊರಗ ಹೊಂಟ್ರ ಅದು ಎದ್ದು, ಮೈ ಮುರದು, ಕಿವಿಯಿಂದ ಬಾಲದ ತನಕಾ ಒಮ್ಮೆ ಝಾಡಿಸಿ ಕೊಡವಬೇಕು. ಬಾಗಲದ ಬಿಸಲಿನ್ಯಾಗ ಕೂದಲಾ, ಧೂಳಾ ಎಲ್ಲಾ ಹಾರ್ಯಾಡೂದು ಕಣ್ಣಿಗೆ ಕಾಣ್ತಿತ್ತು. ಅಲ್ಲೇ ಅಂಬಾ ಮಾವನ ಡಬ್ಬಿ, ಛತ್ರಿ ಹಿಡಕೊಂಡು ನಿಂತಿರಬೇಕು. ಮಾವ ಒಂದು ಕಾಲು ಹೊರಗಿಟ್ರೋ ಇಲ್ಲೋ, “ಆಕ್ಷೀ!”

ಒಂಟಿ ಶೀನು ಅಪಶಕುನ, ಜೋಡಿ ಶೀನು ಶುಭ. ಇದು ನಮ್ಮ ಮಂದಿಗೆ ಹಾಲು ಕುಡಿಯೂ ಕೂಸಿದ್ದಾಗಿಂದ ಗೊತ್ತು. ಒಂಟಿ ಶೀನು ಕೇಳಿ ಹೊರಗ ಹೋದವರಿಗೆ ಕೆಲಸ ಆಗೂದಿಲ್ಲ. ಹಂಗಾಗಿ ಇಟ್ಟ ಕಾಲು ಹಿಂದಕ್ಕ ತಗೊಂಡು, ಒಳಗ ಬಂದು, ಒಂದ ಘಳಿಗಿ ಕೂತು, ನೀರು ಕುಡದು ಹೋಗಬೇಕು. ಮನ್ಯಾಗ ಇದ್ದವರು ‘ಬಾ, ಕೂತು ನೀರು ಕುಡದು ಹೋಗು’ ಅಂತ ಕರೀಬೇಕು. ಮಾರ್ತಾಂಡರಾಯರು ಜೋಡು ಕಳಿಯವರು, ಕೂಡವರು, ನೀರು ಕುಡಿಯವರು. ಅಷ್ಟರಾಗ ಖಡಕಿ ಗಾಡಿ ಹೋಗಿಬಿಡ್ತಿತ್ತು. ಕಚೇರ್ಯಾಗ ಸಾಹೇಬ ಬೈದದ್ದನ್ನೆಲ್ಲಾ ಜೋಪಾನ ಮಾಡಿ ಸಂಜೀಕ ತಂದು ಹೆಂಡತಿ ಮುಂದ ಇಳಸವರು, ಹೆಂಡತಿ ಅದನ್ನ ಸೊಸಿ ತಲೀ ಮ್ಯಾಲೆ ಹೊರಸವಳು.

“ಮೂಗ ಅದನೋ ಕಹಳಿ ಅದನೋ ನಿಂದು? ಗಂಡಸರು ಹೊರಗ ಹೊಂಟಾಗ ಊದಲಿಕ್ಕೇ ತವರಿನವರು ಕಳಿಸ್ಯಾರೇನು?”

ಅಂಬಾ ಏನೇನು ಮಾಡಲಿಲ್ಲ! ಮೂಗು ಹಿಡಕೊಂಡು ನಿಂತ್ಲು, ಶೀನು ಕಿವ್ಯಾಗ ಸಿಡೀತು. ಸೆರಗು ತುರುಕಿಕೊಂಡ್ಲು, ಆಗಲಿಲ್ಲ. ಅಡಗಿಮನ್ಯಾಗ ಮುಚ್ಚಿಕೊಂಡು ಕೂತ್ರ “ಮಾವ ಹೊಂಟ್ರ ಡಬ್ಬಿ ಕೊಡಲಿಕ್ಕೆ ಬ್ಯಾನಿ ಏನು?” ಅಂತ ಅತ್ತಿ ಕೂಗವಳು. ಬಂದ್ರ ಶೀನು, ಬರದಿದ್ರ ಬೈಗಳ.

ರಾಯರ ಮಗಳು ಇಂದೂಗ ವರಾ ನೋಡಲಿಕ್ಕೆ ಸುರು ಮಾಡಿದ ಮ್ಯಾಲೆ ಸಂಕಟ ದೊಡ್ಡದಾತು. ರಾಯರು ಒಂದ್ಸಲ ಸಾತಾರಕ್ಕ ಹೊಂಟಾಗ ಶೀನಿದ್ಲು, ಜಾತಕ ಕೂಡಲಿಲ್ಲ. ಇನ್ನೊಂದ್ಸಲ ಮೀರಜಿಗೆ ಹೊಂಟಾಗ ಶೀನಿದ್ಲು, ಹುಡುಗಂದು ಬ್ಯಾರೆ ಕಡೆ ನಿಶ್ಚೆ ಆಗಿಹೋಗಿತ್ತು. ಕೃಷ್ಣಾಬಾಯಿ ಅವತ್ತು ಬೈಯಲಿಲ್ಲ. ಅಕ್ಕಿ ಹಸನ ಮಾಡ್ಕೋತ ಭಾಳ ಮೆತ್ತಗ ಅಂದ್ಲು: “ಅಂಬಾ, ನಿನಗೂ ದಣಿವಾಗಿರಬೇಕು. ಸ್ವಲ್ಪ ದಿವಸ ತವರಿಗೆ ಹೋಗಿ ಆರಾಮ ಮಾಡಿ ಬಾ.”

ಆ ಮೆತ್ತನ್ನ ಮಾತಿಗೇ ಅಂಬಾ ಅಂಜಿದ್ಲು. ಅದೇ ವಾಡೇದ ಮ್ಯಾಲಿನ ಮಜಲಿನ ಕುಲಕರ್ಣಿಯವರ ಸೊಸಿನೂ ಹಿಂಗೇ ಆರಾಮ ಮಾಡಲಿಕ್ಕೆ ಹೋಗಿದ್ಲು. ಅಕಿನ್ನ ಕರಕೊಂಡು ಬರಲಿಕ್ಕೆ ಯಾರೂ ಹೋಗಲಿಲ್ಲ. ಮುಂದಿನ ಲಗ್ನದ ಹಂಗಾಮಿನ್ಯಾಗ ಕುಲಕರ್ಣಿಯವರ ಮನಿಗೆ ಬ್ಯಾರೆ ಸೊಸಿ ಬಂದ್ಲು, ಎಲ್ಲಾರೂ ಹೋಗಿ ಊಟಾ ಮಾಡಿ ಬಂದ್ರು. ಅಂಬಾನೂ ಬಡಿಸಿ ಬಂದಿದ್ಲು. ತವರಿನ್ಯಾಗ ಅಕಿಗೆ ಇದ್ದಾಂವ ಒಬ್ಬ ಅಣ್ಣ, ಅವನ ಹೆಂಡತಿಯ ಕೈಯಾಗ ತುತ್ತು. ಹೋದ್ರ ಹೋದಹಂಗ ಅಂತ ಅಕಿಗೆ ಗೊತ್ತಾತು.

ಆ ವಾರದಾಗ ರಾಯರು ಆಳಂದಿಗೆ ಹೊಂಟ್ರು, ನಾಯಿನ್ನೂ ಕರಕೊಂಡು ಹೋದ್ರು. ಅವರು ಹೊಳ್ಳಿ ಬರೂತನಕಾ ಅಂಬಾ ಒಮ್ಮೆನೂ ಶೀನಲಿಲ್ಲ. ಮೂಗು ಹಗರ, ಕಣ್ಣು ಹಗರ. ಆಳಂದಿಯಿಂದ ಬಂದ ನಾಯಿ ಹೊಸ್ತಿಲದಾಗ ನಿಂತು ಮೈ ಕೊಡವಿತು, “ಆಕ್ಷೀ!” ಆವಾಗ ಅಕಿಗೆ ಲಕ್ಷಕ್ಕ ಬಂತು. ಮರುದಿವಸ ಹಸೀ ಅರಿವಿ ತಗೊಂಡು ನಾಯಿ ಮೈ ಒರಿಸಿದ್ಲು. ನಾಯಿಗೆ ಅಕಿ ಮ್ಯಾಲೆ ಜೀವ, ಹೊಟ್ಟಿ ಮ್ಯಾಲೆ ಮಾಡಿ ಬಿದ್ದುಕೊಂಡು ಒರಿಸಿಕೊಂಡಿತು. ಅಕಿಗೂ ಅದರ ಮ್ಯಾಲೆ ಸಿಟ್ಟಿರಲಿಲ್ಲ, ಆ ಮನ್ಯಾಗ ಅಕಿನ್ನ ನೋಡಿ ಬಾಲ ಅಲ್ಲಾಡಸವರು ಮತ್ಯಾರಿದ್ರು? ಅವತ್ತು ಶೀನು ಬರಲೇ ಇಲ್ಲ. ಆದ್ರ ಕೃಷ್ಣಾಬಾಯಿ ನೋಡಿ ಅರಿವಿ ಕಸಗೊಂಡ್ಲು. “ಅವರಿಗೆ ಥಂಡಿ ಆಗತದ. ಗುರುವಾರಲ್ಲದ ಅವರ ಮೈಗೆ ನೀರು ಹಚ್ಚಬ್ಯಾಡ.”

ಸಂಜೀಕ ಗಂಡ ದಿಗಂಬರ ಹಿತ್ತಲದಾಗ ಕಾಲು ತೊಳಕೊಳ್ಳುವಾಗ ಅಂಬಾ ನೀರು ಹಾಕ್ಕೋತ ಹೇಳಿದ್ಲು. “ಕೇಳಿದ್ರ್ಯಾ, ನನ್ನ ಶೀನು ನಾಯಿ ಕೂದಲಕ್ಕ ಬರತದರಿ. ಅದು ಇಲ್ಲದಾಗ ಬರೂದಿಲ್ಲ.”

ದಿಗಂಬರ ಆ ಕಡೆ ಈ ಕಡೆ ನೋಡಿದ. “ನನಗ ಗೊತ್ತದ” ಅಂದ.

“ಗೊತ್ತದ?”

“ನಮ್ಮ ವಕೀಲರ ತಮ್ಮಗೂ ಹಂಗೇ ಆಗತದ, ಬೆಕ್ಕು ಹತ್ರ ಬಂದ್ರ. ನಾನೂ ನೋಡೇನಿ, ಅದು ಝಾಡಿಸಿದಾಗ ನೀ ಶೀನತಿ.”

“ಹಂಗಾರ ಹೇಳ್ರಿ ಅತ್ತಿಯವರಿಗೆ! ಹಿತ್ತಲದಾಗ ಮಲಗಿಸಿದ್ರ ಸಾಕರಿ. ನಾನೇ ಗೋಣಿತಟ್ಟು ಹಾಸತೇನಿ, ನಾನೇ ಉಣ್ಣಾಕ ಹಾಕತೇನಿ.”

“ಯಾರ ಮುಂದ ಹೇಳಲಿ? ದತ್ತ ಮಹಾರಾಜರ ನಾಯಿಯಿಂದ ಅಪಶಕುನ ಆಗತದ ಅಂತ ಅಪ್ಪನ ಮುಂದ ಹೇಳಲಿ? ತಡೀ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಹೊತ್ತು ನೋಡಿ ಹೇಳತೇನಿ.”

ವಕೀಲರ ಹತ್ರ ಕಾರಕೂನ ಇದ್ದ ಆಂವಾ. ಕೋರ್ಟಿನ್ಯಾಗ ಮಂದಿ ಜಗಳಾ ಹೊತಗೊಂಡು ತಿರಗಾಂವ, ಮನ್ಯಾಗ ಹೆಂಡತಿ ಸಲುವಾಗಿ ಒಂದು ಮಾತು ಎತ್ತಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಂಗ ನೋಡಿದ್ರ ದಿಗಂಬರನ ಹತ್ರ ಬಂಗಾರದ ಗಣಿನ ಇತ್ತು. ಆದ್ರೂ ಅಂಬಾಗ ಧೈರ್ಯ ಬಂತು. ಗಂಡಗ ಗೊತ್ತದ, ಪ್ರಸಂಗ ಬಂದ್ರ ಹೇಳತಾನ, ಅಂತ ನಂಬಿದ್ಲು. ಹುಚ್ಚಿ.

ಉಪಾಯ ಹೇಳಿಕೊಟ್ಟಾಕಿ ಬಾಜೂ ಕೋಲ್ಯಾಗಿನ ರಾಜೀವಿ ಅಜ್ಜಿ. ಕಾರವಾರದ ಕಡೆಯಾಕಿ, ಮೂಗಿನ್ಯಾಗ ಸದಾ ನಶ್ಯ. ಅಂಬಾ ಬಾವಿಕಟ್ಟಿಗೆ ಕೂತು ಅತ್ತದ್ದನ್ನ ನೋಡಿ ನಕ್ಕುಬಿಟ್ಲು. “ಅಯ್ಯ ಹುಚ್ಚಿ, ಒಂಟಿ ಶೀನು ಕೆಟ್ಟದ್ದಲ್ಲ? ಹಂಗಾದ್ರ ಜೋಡಿ ಮಾಡು! ಒಂದು ಬಂದ ಕೂಡ್ಲೇ ಚಿಟಿಕಿ ಏರಿಸು, ಇನ್ನೊಂದು ತಾನೇ ಬರತದ.” ತನ್ನ ಒಂದು ಹಳೇ ಹಿತ್ತಾಳಿ ಡಬ್ಬಿಯೊಳಗ ನಶ್ಯ ತುಂಬಿ ಕೊಟ್ಲು. ಅಂಬಾ ಅದನ್ನ ಸೆರಗಿನ ಚುಂಗಿಗೆ ಕಟ್ಟಿಕೊಂಡ್ಲು.

ಮರುದಿವಸ ಮುಂಜಾನೆ ಮಾವ ಹೊಂಟ್ರು, ನಾಯಿ ಝಾಡಿಸಿತು, “ಆಕ್ಷೀ!” ರಾಯರು ಕಾಲು ಹಿಂದಕ್ಕ ತಗೊಂಡ್ರು. ಅಂಬಾ ಬಾಗಲದ ಹಿಂದ ಸರದು ಚಿಟಿಕಿ ಏರಿಸಿದ್ಲು. “ಆಕ್ಷೀ!” ರಾಯರ ಮಾರಿ ಅರಳಿತು. “ಜೋಡಿ ಶೀನು! ಇವತ್ತ ಸಾಹೇಬ ನಕ್ಕೋತ ಮಾತಾಡತಾನ ನೋಡು.” ಸಾಹೇಬ ನಕ್ಕನೋ ಅತ್ತನೋ, ಗಾಡಿಯಂತೂ ತಪ್ಪಲಿಲ್ಲ, ಹಂಗಾಗಿ ಬೈಗಳಾ ಬೀಳಲಿಲ್ಲ. ಅದರ ಮರುದಿವಸನೂ ಜೋಡಿ. ಅದರ ಮರುದಿವಸನೂ.

ನೋಡನೋಡತ ಅಂಬಾನ ನಸೀಬ ತಿರಗಿತು. “ನಮ್ಮ ಸೊಸಿಗೆ ಗ್ರಹ ಬಿಟ್ಟದ” ಅಂತ ಕೃಷ್ಣಾಬಾಯಿ ವಾಡೇ ತುಂಬ ಹೇಳಿಕೋತ ಬಂದ್ಲು. ಕುಲಕರ್ಣಿಯವರು ಕೋರ್ಟಿಗೆ ಹೊಂಟ್ರ “ನಿಮ್ಮ ಅಂಬಾನ್ನ ಒಂದೀಟು ಬಾಗಲಾಗ ನಿಂದ್ರಸ್ರಿ” ಅನ್ನೂತನಕಾ ಬಂತು. ಗುರುವಾರ ದಿವಸ ಅಂಬಾನ ತಾಟಿಗೆ ಒಂದು ಹೋಳಿಗಿ ಬಿತ್ತು. ಅತ್ತಿ ತಾನೇ ಕೈಯಾರೆ ಹಾಕಿದ್ಲು. ಅದನ್ನ ತಿನ್ನುವಾಗ ಅಂಬಾಗ ಅಳು ಬಂತು, ನಾಯಿ ಬಂದು ಮಗ್ಗಲದಾಗ ಕೂತಿತು, ಕಣ್ಣಾಗಿನ ನೀರು ಯಾತರದ್ದು ಅಂತ ಯಾರಿಗೂ ತಿಳೀಲಿಲ್ಲ. ನಶ್ಯದಿಂದ ಮೂಗು ಒಳಗ ಸುಟ್ಟಹಂಗ ಆಗ್ತಿತ್ತು. ಆಗಲಿ, ಮೂಗು ಸುಟ್ರ ಸುಡಲಿ, ಮನಿ ಉಳೀತಲ್ಲ ಅಂದುಕೊಂಡ್ಲು.

ಅಷ್ಟರಾಗ ಶಿರೂರಿಂದ ಇಂದೂಗ ಒಂದು ಛಲೋ ಸ್ಥಳ ಬಂತು. ವರ ಮಧುಕರ, ಮಾಮಲೇದಾರ ಕಚೇರ್ಯಾಗ ನೌಕರಿ. ರಾಯರು ಮಾತಾಡಿ ಬರಲಿಕ್ಕೆ ಹೊಂಟ ದಿವಸ ಮನಿಮಂದಿ ಎಲ್ಲಾ ಬಾಗಲಾಗ. ರಾಯರು ಇಸ್ತ್ರಿ ಕೋಟು, ಹೊಸಾ ರುಮಾಲು. ದಿಗಂಬರ ಚೀಲಾ ಹಿಡಕೊಂಡಾನ. ಇಂದೂ ಒಳಬಾಗಲದಾಗ ಉಗರು ಕಡೀಲಿಕ್ಕೆ ಹತ್ಯಾಳ. ಕೃಷ್ಣಾಬಾಯಿ ಅಂಬಾನ ರಟ್ಟಿ ಹಿಡದು ಮುಂದ ತಂದು ನಿಂದ್ರಸಿದ್ಲು. “ಇಲ್ಲೇ ನಿಂದ್ರು ನನ್ನವ್ವಾ. ನಿನ್ನ ಜೋಡಿ ಶೀನು ಆದ್ರ ಶಿರೂರು ಗೆದ್ದಹಂಗ.” ‘ನನ್ನವ್ವಾ’ ಅಂದ್ಲರಿ, ಆ ಬಾಯಿಲೆ!

ಅವಧೂತರು ಎದ್ರು, ಮೈ ಮುರದ್ರು, ಝಾಡಿಸಿದ್ರು.

“ಆಕ್ಷೀ!”

ಒಂದಾತು. ಎಲ್ಲಾರೂ ಎರಡನೇದ್ದಕ್ಕ ಕಿವಿಗೊಟ್ಟು ನಿಂತ್ರು. ಅಂಬಾ ತುಸು ಹಿಂದ ಸರದು ಸೆರಗಿನ ಗಂಟಿಗೆ ಕೈ ಹಾಕಿದ್ಲು. ಗಡಿಬಿಡ್ಯಾಗ ಗಂಟು ಬಿಚ್ಚಲೊಲ್ಲದು, ಅಂತೂ ಬಿಚ್ಚಿತು. ಚಿಟಿಕಿ ತಗೊಳೂದು ಬಿಟ್ಟು ಬೊಗಸಿನ ತಗೊಂಡ್ಲೋ ಏನೋ, ಎರಡನೇದ್ದು ಬಂತು, ಮೂರನೇದ್ದು ಬಂತು, ಆಮ್ಯಾಲೆ ನಿಲ್ಲಲೇ ಇಲ್ಲ. ಬಗ್ಗಿ ಬಗ್ಗಿ ಶೀನಿದ್ಲು. ಹಿತ್ತಾಳಿ ಡಬ್ಬಿ ಕೈಜಾರಿ ಟಣ್ ಅಂತ ಬಿದ್ದು, ಉರಳಿಕೋತ ಹೋಗಿ ಮಾವನ ಕಾಲಾಗಿನ ಜೋಡಿಗೆ ಬಡದು ನಿಂತಿತು. ನೆಲದ ತುಂಬ ನಶ್ಯ.

ನಾಯಿ ಬಂತು, ಮೂಸಿತು. ಅದೂ ಶೀನಿತು. ಒಂದೇ ಒಂದ್ಸಲ.

ನಗಬೇಕಾದ ಮಾತು, ಅಲ್ಲ? ಯಾರೂ ನಗಲಿಲ್ಲ. ಮಾರ್ತಾಂಡರಾಯರು ಡಬ್ಬಿ ನೋಡಿದ್ರು, ಸೊಸಿ ಮೂಗು ನೋಡಿದ್ರು, ನಾಯಿ ಮುಂದ ಎರಡೂ ಕೈ ಜೋಡಿಸಿದ್ರು. “ಗುರುನಾಥಾ! ಮನ್ಯಾಗ ನಡದ ಮೋಸಾ ನೀವೇ ತೋರಿಸಿಕೊಟ್ರಿ!”

“ನಶ್ಯ ಏರಿಸಿ ಶೀನತಾಳ!” ಕೃಷ್ಣಾಬಾಯಿ ಹಣಿ ಹಣಿ ಬಡಕೊಂಡ್ಲು. “ಬೇಕಂತ! ಇಷ್ಟು ದಿವಸ ಬೇಕಂತ ಶೀನಿ ಮನಿ ಹಾಳು ಮಾಡ್ಯಾಳ. ಸಾತಾರಾ ಮುರದದ್ದು ಹಿಂಗ, ಮೀರಜ ಮುರದದ್ದು ಹಿಂಗ! ನನ್ನ ಮಗಳು ನಿನಗೇನು ಮಾಡಿದ್ಲು?”

“ಇಲ್ಲರಿ ಅತ್ತಿಯವರ! ಮೊದಲನೇದ್ದು ತಾನೇ ಬರತದರಿ, ಎರಡನೇದ್ದಕ್ಕಷ್ಟೇ ನಶ್ಯ. ಜೋಡಿ ಮಾಡಲಿಕ್ಕರಿ, ನಿಮಗ ಛಲೋ ಆಗಲಿ ಅಂತ—”

“ಮೊದಲನೇದ್ದು ತಾನೇ ಹೆಂಗ ಬರತದ?”

ಅಂಬಾ ಒಂದ ಉಸರಿಗೆ ಅಂದುಬಿಟ್ಲು. “ನಾಯಿ ಕೂದಲಕ್ಕರಿ. ಅದು ಮೈ ಝಾಡಿಸಿದಾಗ ಮೂಗಿನ್ಯಾಗ ಹೋಗತದ.”

ಕೃಷ್ಣಾಬಾಯಿ ದನಿ ಇಳಿಸಿದ್ಲು, ಅದು ಕೂಗಿದ್ದಕ್ಕಿಂತ ಕೆಟ್ಟಿತ್ತು. “ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ. ನಿನ್ನ ಪಾಪ ಒಯ್ದು ದೇವರ ಮ್ಯಾಲೆ ಹೊರಸತೀ?”

ಅಂಬಾ ಗಂಡನ ಕಡೆ ತಿರಗಿದ್ಲು. ಮೂಗು ಉರೀತಿತ್ತು, ಕಣ್ಣು ಧಾರಾಕಾರ. “ಅನ್ರಿ. ನಿಮಗ ಗೊತ್ತದಲ್ಲರಿ. ವಕೀಲರ ತಮ್ಮಂದು ನೀವೇ ಹೇಳಿದ್ರಿ. ಒಂದು ಮಾತು ಅನ್ರಿ.”

ಪ್ರಸಂಗ ಅಂದ್ರ ಇದೇ ಪ್ರಸಂಗ. ಎಲ್ಲಾರೂ ಅವನ್ನ ನೋಡಿದ್ರು. ದಿಗಂಬರ ಅಪ್ಪನ್ನ ನೋಡಿದ, ಅವ್ವನ್ನ ನೋಡಿದ, ಕೈಯಾಗಿನ ಚೀಲದ ದಾರ ಬಿಗಿ ಮಾಡಿದ.

“ನನಗೇನು ಗೊತ್ತು?” ಅಂದ. “ನಾ ಹಗಲೆಲ್ಲಾ ಕೋರ್ಟಿನ್ಯಾಗ ಇರತೇನಿ.”

ಥೂ! ಇಂಥಾವರಿಗೂ ಗಂಡ ಅಂತಾರ.

ರಾಯರು ಒಳಗ ಬಂದು ಕೂತು, ನೀರು ಕುಡದು, ಶಿರೂರಿಗೆ ಹೋದ್ರು. ಮಾತು ಮುಗಿಸಿಕೊಂಡೇ ಬಂದ್ರು. ಇಂದೂನ ಲಗ್ನ ನಿಶ್ಚೆ ಆತು. ಇಷ್ಟೆಲ್ಲಾ ಶೀನಿದ ಮ್ಯಾಲೂ ಕೆಲಸ ಆತಲ್ಲ, ಶೀನಿನ್ಯಾಗ ಏನೂ ಇಲ್ಲ ಅಂತ ಯಾರರ ಅಂದಾರೇನು? ಅವಧೂತರು ಮೋಸಾ ಹಿಡದುಕೊಟ್ಟದ್ದಕ್ಕ ವಿಘ್ನ ತಪ್ಪಿತು ಅಂದ್ರು. ಇನ್ನ ಲಗ್ನ ಸುಸೂತ್ರ ಆಗಬೇಕಾದ್ರ ವಿಘ್ನ ಮನ್ಯಾಗ ಇರಬಾರದು. ಬೆಳಗಾಂವಿಗೆ ಹೇಳಿ ಕಳಿಸಿದ್ರು, ಅಣ್ಣ ಬಂದ.

“ಲಗ್ನಾ ಆಗೂತನಕಾ ಅಷ್ಟೇ” ಅಂದ್ಲು ಕೃಷ್ಣಾಬಾಯಿ. “ಆಮ್ಯಾಲೆ ನೋಡೂಣಂತ.”

ಏನು ನೋಡ್ತಾರ ಅಂತ ಅಂಬಾಗ ಗೊತ್ತಿತ್ತು. ಮ್ಯಾಲಿನ ಮಜಲಿನ್ಯಾಗ ಕುಲಕರ್ಣಿಯವರ ಹೊಸಾ ಸೊಸಿ ಕಠಡಾದ ಕಟ್ಟಿಗಿ ಹಿಡಕೊಂಡು ಬಗ್ಗಿ ಕೆಳಗ ನೋಡ್ಲಿಕ್ಕೆ ಹತ್ತಿದ್ಲು.

ಹೊಂಡೂ ಹೊತ್ತಾತು. ಬಿಸಲು ಬಾಗಲದಾಗ ಬಂದಿತ್ತು. ಅಣ್ಣ ಟಾಂಗಾದಾಗ ಕೂತಿದ್ದ, ದಿಗಂಬರ ಟ್ರಂಕು ಒಯ್ದು ಇಟ್ಟ. ಅಂಬಾ ಅತ್ತಿ-ಮಾವನ ಕಾಲಿಗೆ ಬಿದ್ಲು, ಎದ್ಲು, ಒಂದು ಕಾಲು ಹೊಸ್ತಿಲದ ಆಚೆ ಇಟ್ಲು. ನಾಯಿ ಎದ್ದು ಮೈ ಝಾಡಿಸಿತು.

“ಆಕ್ಷೀ!”

ಒಂಟಿ ಶೀನು. ಎಲ್ಲಾರೂ ಕೇಳಿದ್ರು.

ಅಂಬಾ ಹಂಗೇ ನಿಂತ್ಲು. ಒಂದು ಕಾಲು ಆಚೆ, ಒಂದು ಕಾಲು ಈಚೆ. ಈ ಹೊಸ್ತಿಲದಾಗ ಒಂಟಿ ಶೀನು ಕೇಳಿ ಯಾರನ್ನೂ ಹಂಗೇ ಕಳಿಸಿಲ್ಲ. ಹಾಲು ಹಾಕಾಂವಗೂ ‘ತಡಿಯೋ, ಕೂತು ಹೋಗು’ ಅಂದಾರ. ಬಾ ಅಂದ್ರ ಒಳಗ ಹೋಗಿ ಕೂಡೂದು. ಕೂತ ಮ್ಯಾಲೆ ಒಂದು ಮಾತು ಬರಬಹುದು, ಮಾತಿಗೆ ಮಾತು ಕೂಡಬಹುದು, ಗಾಡಿ ತಪ್ಪಬಹುದು. ಅಕಿ ಕಾಯ್ದಳು.

ರಾಯರು ದತ್ತನ ಪಟದ ಕಡೆ ಮಾರಿ ತಿರಿವಿದ್ರು. ಇಂದೂ ಮಾಡದಾಗಿನ ತಂಬಗಿಗೆ ಕೈ ಹಾಕಿ “ಅವ್ವಾ, ವೈನಿಗೆ ನೀರು—” ಅಂದ್ಲು. ಕೃಷ್ಣಾಬಾಯಿ ಕಣ್ಣು ಬಿಟ್ಟು ನೋಡಿದ್ಲು. ಇಂದೂ ತಂಬಗಿ ತಿರಗಿ ಇಟ್ಲು. ಲಗ್ನ ಆಗೂ ಹುಡುಗಿ, ಅಕಿಗೂ ತನ್ನ ಚಿಂತಿ.

“ಟಾಂಗಾ ನಿಂತದ” ಅಂದ ದಿಗಂಬರ.

ಅಂಬಾ ಇನ್ನೊಂದು ಕಾಲೂ ಹೊರಗಿಟ್ಲು.

ಟಾಂಗಾ ಗಲ್ಲಿ ತಿರವಿಗೆ ಬರೂತನಕಾ ನಾಯಿ ಬೆನ್ನು ಹತ್ತಿ ಓಡಿ ಬಂತು. ಹಿಂದಿಂದ “ತಡೀರಿ! ತಡೀರಿ!” ಅಂತ ಕೂಗು. ನೋಡಿದ್ರ ಕೃಷ್ಣಾಬಾಯಿ. ಹೊರಗ ಬಂದ್ರ ಸೆರಗು ಸರಿ ಮಾಡಿಕೊಳ್ಳದೇ ಹೆಜ್ಜಿ ಇಡದ ಹೆಂಗಸು, ಬರಿಗಾಲಿಲೆ ಓಡಿ ಬರಲಿಕ್ಕೆ ಹತ್ತಿದ್ಲು. ಅಣ್ಣ ಟಾಂಗಾ ನಿಂದ್ರಸಿದ. ಎಷ್ಟಂದ್ರೂ ಹಿರಿಯಾಕಿ, ಶಾಸ್ತ್ರ ಬಿಡಲಿಲ್ಲ, ಕರೀಲಿಕ್ಕೆ ಬಂದ್ಲು! ಇಳೀಲಿಕ್ಕೆ ಅಂತ ಕಾಲು ಕೆಳಗ ಬಿಟ್ಲು.

ಕೃಷ್ಣಾಬಾಯಿ ಬಂದಾಕಿ ಟಾಂಗಾದ ಕಡೆ ನೋಡಲೇ ಇಲ್ಲ. ಬಗ್ಗಿ ನಾಯಿನ್ನ ತೆಕ್ಕಿಗೆ ತಗೊಂಡ್ಲು. “ಹಿಂಗ ಶೀನು ಕೇಳಿ ಹೊಂಟಬಿಟ್ರ ಹೆಂಗ ಸ್ವಾಮೀ? ಒಳಗ ಬರ್ರಿ. ಒಂದ ಘಳಿಗಿ ಕೂತು ನೀರು ಕುಡೀರಿ.” ನಾಯಿ ಹೊಳ್ಳಿ ಹೊಳ್ಳಿ ನೋಡಿಕೋತ ಹೋತು.

ಅಂಬಾ ಕಾಲು ಮ್ಯಾಲೆ ತಗೊಂಡ್ಲು. ಟಾಂಗಾ ಸ್ಟೇಶನ್ನಿನ ಹಾದಿ ಹಿಡೀತು.

“ಅಳ್ಳಿಕ್ಕೆ ಹತ್ತೀ ಏನವಾ?” ಅಂತ ಅಣ್ಣ ಕೇಳಿದ.

“ಇಲ್ಲಣ್ಣಾ. ಆ ನಾಯಿ ಕೂದಲಾ ಅದ ನೋಡು, ಅದು ಮೂಗಿನ್ಯಾಗ ಹೋದ್ರ ನನಗ ಹಿಂಗಾಗತದ. ಶೀನು ಬರತಾವ, ಕಣ್ಣಾಗ ನೀರು ಬರತದ.”

“ಹೌದನು?” ಅಂದ ಅಣ್ಣ. ಏನೂ ತಿಳೀದ ಸಾದಾ ಮನಿಶಾ. “ಹಂಗಾರ ಅದನ್ನ ಹಿತ್ತಲದಾಗ ಕಟ್ಟಿದ್ರ ಆಗ್ತಿತ್ತಲ್ಲವಾ. ಅದರಾಗೇನದ?”